ಓದುಗರ ಪ್ರಶ್ನೆ: ಅಮೆರಿಕದ ನರ್ಸಿಂಗ್ ಡಾಕ್ಟರೇಟ್, ಡಿಎನ್‌ಪಿ

ಈ ಸಲ ನಮಗೆ ಬಂದ ಪತ್ರಗಳಲ್ಲಿ ಬಹುಪಾಲು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’ ಬಗ್ಗೆ. ಒಂದೇ ಥರದವನ್ನು ಸೇರಿಸಿ ಆರು ಪ್ರಶ್ನೆಗಳಿಗೆ ಇಳಿಸಿದ್ದೇವೆ.

ಪ್ರಶ್ನೆ (ಹಾಸನ): ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಡಿಎನ್‌ಪಿ ಮಾಡಿದರೆ ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಬಹುದು, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಓದಬಹುದು ಎಂದು ಏಜೆನ್ಸಿಯವರು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಆ ಅರ್ಧವನ್ನು ನಂಬಿಯೇ ಜನ ದುಡ್ಡು ಕಳೆದುಕೊಳ್ಳುವುದು. ಡಿಎನ್‌ಪಿ ಒಂದು ಪದವಿ. ನರ್ಸ್ ಪ್ರಾಕ್ಟೀಷನರ್ (ತಾವೇ ರೋಗಿ ನೋಡಿ ಔಷಧಿ ಬರೆಯುವ ನರ್ಸ್) ಆಗಲು ಬೇಕಾದದ್ದು ಪರವಾನಗಿ, ಅದನ್ನು ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಅಲ್ಲಿ ಉನ್ನತ ನರ್ಸಿಂಗ್ ವೃತ್ತಿ ಎಂದರೆ ನಾಲ್ಕೇ ಹುದ್ದೆ: ನರ್ಸ್ ಪ್ರಾಕ್ಟೀಷನರ್, ಅರಿವಳಿಕೆ ನರ್ಸ್, ನರ್ಸ್ ಮಿಡ್‌ವೈಫ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್. ಕೋರ್ಸ್ ಇವುಗಳಲ್ಲಿ ಒಂದಕ್ಕೆ ಕಟ್ಟಿದ್ದಾಗಿರಬೇಕು. ‘ನರ್ಸಿಂಗ್ ಲೀಡರ್‌ಶಿಪ್’ ವಿಷಯದಲ್ಲೂ ಡಿಎನ್‌ಪಿ ಸಿಗುತ್ತದೆ. ಅದನ್ನು ಮುಗಿಸಿದವರು ರೋಗಿ ನೋಡಿ ಔಷಧಿ ಚೀಟಿ ಬರೆಯುವಂತಿಲ್ಲ, ಪ್ರಮಾಣೀಕರಣ ಪರೀಕ್ಷೆಗೂ ಕೂರುವಂತಿಲ್ಲ.

2015ರೊಳಗೆ ಉನ್ನತ ನರ್ಸಿಂಗ್ ವೃತ್ತಿಯ ಪ್ರವೇಶ ಮಟ್ಟವನ್ನೇ ಡಿಎನ್‌ಪಿಗೆ ಏರಿಸಬೇಕು ಎಂದು ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಹೇಳಿತು. ಅದು ಶಿಫಾರಸಾಗಿಯೇ ಉಳಿಯಿತು. ಸ್ನಾತಕೋತ್ತರ ಪದವಿಯ ಮೇಲೆ ಇಂದಿಗೂ ನರ್ಸ್ ಪ್ರಾಕ್ಟೀಷನರ್ ಆಗಬಹುದು. ಸ್ನಾತಕೋತ್ತರದವರಿಗೂ ಡಿಎನ್‌ಪಿಯವರಿಗೂ ಪರವಾನಗಿ ಒಂದೇ, ಔಷಧಿ ಬರೆಯುವ ಅಧಿಕಾರವೂ ಒಂದೇ. ಬಿ.ಎಸ್ಸಿ.ಯಿಂದ ನೇರ ಡಿಎನ್‌ಪಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ ಹಿಡಿಯುತ್ತದೆ.

ಇನ್ನು ಹಾಸನದಲ್ಲಿ ಕೂತು ಓದುವ ಮಾತು. ಪಾಠ ಆನ್‌ಲೈನ್‌ನಲ್ಲಿದ್ದರೂ ಕ್ಲಿನಿಕಲ್ ಗಂಟೆಗಳನ್ನು ಅಮೆರಿಕದ ನೆಲದಲ್ಲೇ ಮಾಡಬೇಕು, ಅದೂ ನಿಮ್ಮ ಆರ್‌ಎನ್ (ನೋಂದಾಯಿತ ನರ್ಸ್) ಪರವಾನಗಿ ನಡೆಯುವ ರಾಜ್ಯದಲ್ಲಿ. ವಿದ್ಯಾರ್ಥಿ ವೀಸಾದಲ್ಲಿ ಹೋದರೆ ಪೂರ್ಣಾವಧಿ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ತರಗತಿ, ಅಂದರೆ 3 ಕ್ರೆಡಿಟ್, ಸಲ್ಲುತ್ತದೆ. ಹಾಗಾಗಿ ಪೂರ್ತಿ ಆನ್‌ಲೈನ್ ಕೋರ್ಸ್ ಹೆಸರಲ್ಲಿ ಎಫ್-1 ವೀಸಾ ಸಿಗದು.

ಶುರು ಮಾಡಬೇಕಾದ್ದು ಆರ್‌ಎನ್‌ನಿಂದ. ಅಂಕಪಟ್ಟಿಗಳ ಮೌಲ್ಯಮಾಪನ ಮೊದಲು, ಆರ್‌ಎನ್ ಪರವಾನಗಿಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ ಆಮೇಲೆ. ಎನ್‌ಕ್ಲೆಕ್ಸ್‌ನಲ್ಲಿ 85ರಿಂದ 150 ಪ್ರಶ್ನೆ, ಗರಿಷ್ಠ ಐದು ಗಂಟೆ. ನಮ್ಮವರು ಪರೀಕ್ಷೆಗಿಂತ ಮೌಲ್ಯಮಾಪನದಲ್ಲೇ ಹೆಚ್ಚು ಸಿಕ್ಕಿಬೀಳುತ್ತಾರೆ, ಕಾರಣ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲತಾ ಎಚ್.ಎಸ್.’, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ‘ಎಚ್.ಎಸ್. ಲತಾ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ನಮಗೆ ಒಬ್ಬಳೇ ಲತಾ, ಅಲ್ಲಿನ ಕಂಪ್ಯೂಟರ್‌ಗೆ ನಾಲ್ವರು. ಪಾಸ್‌ಪೋರ್ಟ್‌ನ ಹೆಸರನ್ನೇ ಆಧಾರವಾಗಿಟ್ಟುಕೊಂಡು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಮೊದಲು ಸರಿಪಡಿಸಿಕೊಳ್ಳಿ. ಉಳಿದದ್ದಕ್ಕೆ, ಈ ಎಲ್ಲ ಹೆಸರೂ ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರ ಮಾಡಿಸಿ.

ಎರಡನೆಯ ತೊಡಕು ಟ್ರಾನ್ಸ್‌ಕ್ರಿಪ್ಟ್. ಮೆಡಿಕಲ್-ಸರ್ಜಿಕಲ್, ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ: ಪ್ರತಿಯೊಂದಕ್ಕೂ ಥಿಯರಿ ಗಂಟೆ ಬೇರೆ, ವಾರ್ಡ್ ಗಂಟೆ ಬೇರೆ ಎಂದು ಬರೆಸಬೇಕು. ‘ಪ್ರಾಕ್ಟಿಕಲ್ 2,000 ಗಂಟೆ’ ಎಂದು ಒಟ್ಟು ಸೇರಿಸಿ ಬರೆದರೆ ಕೊರತೆ ಎಂದು ವಾಪಸ್ ಬರುತ್ತದೆ. ಲಕೋಟೆ ನಿಮ್ಮ ಕೈ ಸೇರದೆ ಕಾಲೇಜಿನಿಂದಲೇ ನೇರವಾಗಿ ಹೋಗಬೇಕು. ನಿಮ್ಮ ಕೈಯಲ್ಲಿ ಅಂಕಪಟ್ಟಿಯ ಮೂಲ ಪ್ರತಿಯೇ ಇದ್ದರೂ ಅಲ್ಲಿ ಅದಕ್ಕೆ ಬೆಲೆ ಇಲ್ಲ.

ಪ್ರಶ್ನೆ (ಡಲ್ಲಾಸ್): ಎಚ್-4 ಇಎಡಿ (ಗಂಡನ ವೀಸಾದ ಆಧಾರದಲ್ಲಿ ಸಿಗುವ ಕೆಲಸದ ಅನುಮತಿ) ಮೇಲೆ ಆಸ್ಪತ್ರೆಯಲ್ಲಿ ಆರ್‌ಎನ್ ಆಗಿದ್ದೇನೆ, ವಾರಕ್ಕೆ ಮೂರು ದಿನ 12 ಗಂಟೆಯ ಪಾಳಿ. ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಡಿಎನ್‌ಪಿಗೆ ಸೀಟು ಸಿಕ್ಕಿದೆ. ಪ್ರಿಸೆಪ್ಟರನ್ನು (ಕ್ಲಿನಿಕ್‌ನಲ್ಲಿ ಕೆಲಸ ಕಲಿಸುವ ಮಾರ್ಗದರ್ಶಕರನ್ನು) ನೀವೇ ಹುಡುಕಿಕೊಳ್ಳಿ ಎನ್ನುತ್ತಾರೆ. ಸೇರಲೇ?

ಉತ್ತರ: ಸೇರುವ ಮುಂಚೆ ಲೆಕ್ಕ ಹಾಕಿ. 2022ರ ರಾಷ್ಟ್ರೀಯ ಮಾನದಂಡದಂತೆ ನರ್ಸ್ ಪ್ರಾಕ್ಟೀಷನರ್ ವಿದ್ಯಾರ್ಥಿಗೆ ನೇರವಾಗಿ ರೋಗಿ ನೋಡುವ 750 ಗಂಟೆ ಬೇಕು. ವಾರಕ್ಕೆ ಎಂಟು ಗಂಟೆಯ ಎರಡು ದಿನ ಕ್ಲಿನಿಕ್‌ಗೆ ಹೋದರೆ 47 ವಾರ. ಡಿಎನ್‌ಪಿಗೆ ಹಳೆಯ 1,000 ಗಂಟೆಯ ಲೆಕ್ಕವನ್ನು ಇಂದಿಗೂ ಇಟ್ಟುಕೊಂಡ ಶಾಲೆಗಳು ಬಹಳ, ಉಳಿದ ಗಂಟೆ ಪ್ರಾಜೆಕ್ಟ್‌ಗೆ ಹೋಗುತ್ತದೆ. ಮೂರು ಪಾಳಿಯ ಜೊತೆಗೆ ಇದು ಎಂದರೆ ವಾರಕ್ಕೆ 52 ಗಂಟೆ, ಓದು ಬೇರೆ. ಕ್ಲಿನಿಕಲ್ ವರ್ಷದಲ್ಲಾದರೂ ಎರಡು ಪಾಳಿಗೆ ಇಳಿಯಲು ಆಗುತ್ತದೆಯೇ ಎಂದು ಈಗಲೇ ನಿಮ್ಮ ಮ್ಯಾನೇಜರನ್ನು ಕೇಳಿ.

ಫ್ಯಾಮಿಲಿ ವಿಭಾಗಕ್ಕೆ ದೊಡ್ಡವರ ಕ್ಲಿನಿಕ್ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಮಕ್ಕಳ ಕ್ಲಿನಿಕ್ ಮತ್ತು ಸ್ತ್ರೀ ಆರೋಗ್ಯದ ಕ್ಲಿನಿಕ್. ಕೋರ್ಸ್ ಎಳೆದಾಡುವುದು ಹೆಚ್ಚಾಗಿ ಇಲ್ಲೇ. ಒಬ್ಬರು ಒಪ್ಪಿದರೂ ಶಾಲೆಗೂ ಕ್ಲಿನಿಕ್‌ಗೂ ಕಾನೂನು ಒಪ್ಪಂದ ಆಗಬೇಕು, ದೊಡ್ಡ ಆಸ್ಪತ್ರೆಗಳಲ್ಲಿ ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸೀಟು ಒಪ್ಪಿಕೊಳ್ಳುವ ಮೊದಲು ಶಾಲೆಯಿಂದ ಮೂರು ಸಂಗತಿ ಬರಹದಲ್ಲಿ ಪಡೆಯಿರಿ: ನಾವು ಹುಡುಕಿ ಸಿಗದಿದ್ದರೆ ಶಾಲೆ ಕೊಡುತ್ತದೆಯೇ, ಡಲ್ಲಾಸ್ ಸುತ್ತ ಈಗಾಗಲೇ ಒಪ್ಪಂದವಿರುವ ಕ್ಲಿನಿಕ್ ಎಷ್ಟು, ಜಾಗ ಸಿಗದೆ ಸೆಮಿಸ್ಟರ್ ತಪ್ಪಿದರೆ ಫೀಸು ಏನಾಗುತ್ತದೆ. ‘ಹ್ಯಾಂಡ್‌ಬುಕ್ ನೋಡಿ’ ಎಂದಷ್ಟೇ ಉತ್ತರ ಬಂದರೆ ನಾವಾದರೆ ಬೇರೆ ಶಾಲೆ ನೋಡುತ್ತೇವೆ.

ನಿಮ್ಮಂಥ ಮನೆಗಳಿಗೆ ಇನ್ನೊಂದು ಮಾತು. ಯಜಮಾನರ ಪ್ರಾಜೆಕ್ಟ್ ಬದಲಾಗಿ ನಡುವೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾದರೆ ಟೆಕ್ಸಸ್‌ನ ಆರ್‌ಎನ್ ಪರವಾನಗಿ ಅಲ್ಲಿ ನಡೆಯದು, ಒಂದೇ ಪರವಾನಗಿ ಹಲವು ರಾಜ್ಯಗಳಲ್ಲಿ ನಡೆಯುವ ಒಕ್ಕೂಟದಲ್ಲಿ ಕ್ಯಾಲಿಫೋರ್ನಿಯಾ ಇಲ್ಲ. ಕ್ಲಿನಿಕಲ್ ಅಲ್ಲಿಗೇ ನಿಲ್ಲುತ್ತದೆ. ಹೋಗುವ ಸಾಧ್ಯತೆ ಇರುವ ರಾಜ್ಯಗಳ ಹೆಸರು ಕೊಟ್ಟು, ಅಲ್ಲಿ ನಿಮ್ಮ ವಿದ್ಯಾರ್ಥಿಗಳಿಗೆ ಅವಕಾಶವಿದೆಯೇ ಎಂದು ಶಾಲೆಯನ್ನು ಈಗಲೇ ಕೇಳಿ.

ಹಣ: ಎಚ್-4ನಲ್ಲಿ ಫೆಡರಲ್ ವಿದ್ಯಾರ್ಥಿ ಸಾಲ ಇಲ್ಲ, ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರಿಗೆ. ಆಸ್ಪತ್ರೆ ಕೊಡುವ ಓದಿನ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಆದಾಯ ತೆರಿಗೆ ಬೀಳುವುದಿಲ್ಲ. ಆದರೆ ಪದವಿ ಆದ ಮೇಲೆ ಇಷ್ಟು ವರ್ಷ ಇಲ್ಲೇ ಇರಬೇಕು ಎಂಬ ಷರತ್ತಿದ್ದರೆ, ಇಎಡಿ ನವೀಕರಣ ತಡವಾಗಿ ಕೆಲಸ ನಿಂತಾಗ ಹಣ ವಾಪಸ್ ಕೇಳುತ್ತಾರೆಯೇ ಎಂದು ಓದಿಯೇ ಸಹಿ ಹಾಕಿ.

ಪ್ರಶ್ನೆ (ರಿಯಾದ್): ಆರು ವರ್ಷದಿಂದ ಐಸಿಯುನಲ್ಲಿದ್ದೇನೆ. ಅಮೆರಿಕದಲ್ಲಿ ಅರಿವಳಿಕೆ ನರ್ಸ್ ಆಗಲು ಈ ಅನುಭವ ಸಾಕೇ?

ಉತ್ತರ: ಬೇಸರದ ಉತ್ತರವೇ. ಅಮೆರಿಕ, ಅದರ ಆಡಳಿತ ಪ್ರದೇಶಗಳು ಅಥವಾ ಹೊರದೇಶದಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆ, ಇಲ್ಲಿ ಮಾಡಿದ ಕ್ರಿಟಿಕಲ್ ಕೇರ್ ಅನುಭವ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು ಕನಿಷ್ಠ ಒಂದು ವರ್ಷ. ರಿಯಾದಿನ ಆರು ವರ್ಷ ನಿಮಗೆ ಅಲ್ಲಿ ಐಸಿಯು ಕೆಲಸ ಕೊಡಿಸಬಹುದು, ಸೀಟು ಕೊಡಿಸದು. ಉಳಿದ ಮೂರರಂತಲ್ಲದೆ ಈ ಹುದ್ದೆಗೆ ಡಾಕ್ಟರೇಟ್ ಕಡ್ಡಾಯ: 2022ರ ಜನವರಿ 1ರಿಂದ ಸೇರಿದ ಎಲ್ಲರಿಗೂ ಅನ್ವಯ. ಕೋರ್ಸ್ ಕನಿಷ್ಠ 36 ತಿಂಗಳು, 2,000 ಕ್ಲಿನಿಕಲ್ ಗಂಟೆ, 600 ಕೇಸು. ಜೊತೆಯಲ್ಲಿ ಕೆಲಸ ಮಾಡುತ್ತೇನೆ ಎಂಬುದನ್ನು ಮರೆತುಬಿಡಿ.

ಪ್ರಶ್ನೆ (ನ್ಯೂ ಜೆರ್ಸಿ): ಡಿಎನ್‌ಪಿ ಕೊನೆಯ ವರ್ಷ. ಪ್ರಾಥಮಿಕ ಕ್ಲಿನಿಕ್‌ನಲ್ಲಿ ಖಿನ್ನತೆ ತಪಾಸಣೆ ಹೆಚ್ಚಿಸುವ ಪ್ರಾಜೆಕ್ಟ್ ಹಿಡಿದಿದ್ದೇನೆ. ಪ್ರಸ್ತಾವನೆ ಎರಡು ಸಲ ವಾಪಸ್ ಬಂತು. ಎಲ್ಲಿ ತಪ್ಪುತ್ತಿದೆ?

ಉತ್ತರ: ಪ್ರಸ್ತಾವನೆ ನೋಡಿದೆವು. ನೀವು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೀರಿ. ಹೊಸ ಜ್ಞಾನ ಹುಡುಕುವುದು ಪಿಎಚ್‌ಡಿಯ ಕೆಲಸ. ಈಗಾಗಲೇ ಗೊತ್ತಿರುವುದನ್ನು ಒಂದು ಜಾಗದಲ್ಲಿ ನಡೆಯುವಂತೆ ಮಾಡಿ ಅಳೆದು ತೋರಿಸುವುದು ಡಿಎನ್‌ಪಿ ಪ್ರಾಜೆಕ್ಟ್. ‘ವಲಸಿಗರಲ್ಲಿ ಖಿನ್ನತೆಗೆ ಕಾರಣಗಳು’ ಎಂಬ ಅಧ್ಯಾಯ ತೆಗೆದುಹಾಕಿ. ನಿಮ್ಮ ಪ್ರಶ್ನೆ ಒಂದು ಸಾಲಿನದು: ಈ ಕ್ಲಿನಿಕ್‌ಗೆ ಬರುವ ದೊಡ್ಡವರಲ್ಲಿ ಈಗ ನೂರಕ್ಕೆ ಎಷ್ಟು ಜನರಿಗೆ ತಪಾಸಣೆ ಆಗುತ್ತಿದೆ, 12 ವಾರದಲ್ಲಿ ಅದನ್ನು ಎಷ್ಟಕ್ಕೆ ಏರಿಸಬಹುದು?

ಮೊದಲು ಹಿಂದಿನ 12 ವಾರದ ಕಡತ ತೆಗೆದು ಈಗಿನ ಪ್ರಮಾಣ ಬರೆದುಕೊಳ್ಳಿ. ಆಮೇಲೆ ಎಲ್ಲರಿಗೂ ಎರಡು ಪ್ರಶ್ನೆಯ ಪಿಎಚ್‌ಕ್ಯೂ-2 ಎಂಬ ಖಿನ್ನತೆ ಪ್ರಶ್ನಾವಳಿ, ಅದರಲ್ಲಿ 3 ಅಥವಾ ಹೆಚ್ಚು ಬಂದವರಿಗೆ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9. ಇದರ ಒಟ್ಟು ಅಂಕ 27, ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಮುಂದಿನ ಕ್ರಮ ಬೇಕು. ಅಳೆಯಬೇಕಾದ್ದು ಮೂರು: ಅರ್ಹರಲ್ಲಿ ಎಷ್ಟು ಜನರಿಗೆ ತಪಾಸಣೆ ಆಯಿತು, 10 ಅಥವಾ ಹೆಚ್ಚು ಬಂದವರಲ್ಲಿ ಎಷ್ಟು ಜನರಿಗೆ ಅದೇ ದಿನ ಮುಂದಿನ ಯೋಜನೆ ಬರೆದರು, ಇದರಿಂದ ರೋಗಿ ಕಾಯುವ ಸಮಯ ಎಷ್ಟು ಹೆಚ್ಚಿತು. ಮೂರನೆಯದನ್ನು ನೀವು ಬಿಟ್ಟಿದ್ದೀರಿ. ಕ್ಲಿನಿಕ್‌ನವರು ಮೊದಲು ಕೇಳುವುದೇ ಅದು.

ಒಂಬತ್ತನೆಯ ಪ್ರಶ್ನೆಯನ್ನು ನಿಮ್ಮ ಸಮಿತಿ ಕೆಂಪು ಶಾಯಿಯಲ್ಲಿ ಸುತ್ತಿರುವುದು ಸುಮ್ಮನಲ್ಲ. ಅದು ಸಾಯುವ ಅಥವಾ ತನಗೆ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ನಿಮ್ಮ ಯೋಜನೆಯಲ್ಲಿ ರೋಗಿ ಹೊರಗಡೆ ಕೂತು ಫಾರಂ ತುಂಬುತ್ತಾರೆ, ರಿಸೆಪ್ಷನ್‌ನವರು ಟ್ರೇಗೆ ಹಾಕುತ್ತಾರೆ, ಸಂಜೆ ಸ್ಕ್ಯಾನ್ ಆಗುತ್ತದೆ. ಬೆಳಗ್ಗೆ 10ಕ್ಕೆ ‘ಬಹುತೇಕ ಪ್ರತಿದಿನ’ ಎಂದು ಗುರುತು ಹಾಕಿದವರು ಸಂಜೆ 5ಕ್ಕೆ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮನೆ ಸೇರಿರುತ್ತಾರೆ. ಒಟ್ಟು ಅಂಕ 6 ಇದ್ದರೂ ಒಂಬತ್ತನೆಯದು ಸೊನ್ನೆ ಅಲ್ಲದಿದ್ದರೆ ಅವರನ್ನು ಹಾಗೇ ಕಳಿಸುವಂತಿಲ್ಲ. ಫಾರಂ ಕೈಗೆ ಬಂದ ಕೂಡಲೇ ಮೆಡಿಕಲ್ ಅಸಿಸ್ಟೆಂಟ್ ಮೊದಲು ಕೊನೆಯ ಪ್ರಶ್ನೆ ನೋಡಬೇಕು, ರೋಗಿಯನ್ನು ಒಬ್ಬರೇ ಬಿಡದೆ ವೈದ್ಯರನ್ನು ಕರೆಯಬೇಕು. ಆ ದಿನ ಯಾರ ಜವಾಬ್ದಾರಿ ಎಂಬುದು ಡ್ಯೂಟಿ ಚಾರ್ಟ್‌ನಲ್ಲಿ ಇರಬೇಕು. ಇದು ಬರಹದಲ್ಲಿ ಇಲ್ಲದ ಪ್ರಾಜೆಕ್ಟನ್ನು ನಾವೂ ವಾಪಸ್ ಕಳಿಸುತ್ತಿದ್ದೆವು.

ಅಂಕಿಅಂಶದಲ್ಲಿ ಎರಡು ತಪ್ಪಿದೆ. ತಿಂಗಳಿಗೊಂದು ಚುಕ್ಕೆ ಇಡುತ್ತೇನೆ ಎಂದಿದ್ದೀರಿ, 12 ವಾರಕ್ಕೆ ಮೂರೇ ಚುಕ್ಕೆ ಬೀಳುತ್ತದೆ. ರನ್ ಚಾರ್ಟ್‌ನಲ್ಲಿ (ಕಾಲಕ್ರಮದಲ್ಲಿ ಚುಕ್ಕೆ ಇಡುವ ನಕ್ಷೆಯಲ್ಲಿ) ಬದಲಾವಣೆ ಆಗಿದೆ ಎನ್ನಲು ಮಧ್ಯಾಂಕದ ಒಂದೇ ಬದಿಯಲ್ಲಿ ಸತತ ಆರು ಚುಕ್ಕೆ ಬೇಕು, ಗೆರೆಯ ಮೇಲೇ ಕೂತದ್ದು ಲೆಕ್ಕಕ್ಕಿಲ್ಲ. ವಾರಕ್ಕೊಂದು ಇಡಿ. ಎರಡನೆಯದು, ಮೊದಲಿನ ರೋಗಿಗಳೇ ಬೇರೆ, ಆಮೇಲಿನವರೇ ಬೇರೆ, ಹಾಗಿದ್ದೂ ಅದೇ ಜನರನ್ನು ಎರಡು ಸಲ ಅಳೆದಾಗ ಹಾಕುವ ಜೋಡಿ ಟಿ-ಪರೀಕ್ಷೆ ಹಾಕಿದ್ದೀರಿ. ಇಲ್ಲಿರುವುದು ಆಯಿತು-ಆಗಲಿಲ್ಲ ಎಂಬ ಎಣಿಕೆ, ಅದಕ್ಕೆ ಹೊಂದುವ ಕೈ-ಸ್ಕ್ವೇರ್ (chi-square) ಪರೀಕ್ಷೆ ಹಾಕಿ.

ಗುಣಮಟ್ಟ ಸುಧಾರಣೆಯ ಕೆಲಸ, ಸಂಶೋಧನೆ ಅಲ್ಲ, ಹಾಗಾಗಿ ನೈತಿಕ ಸಮಿತಿ ಬೇಡ ಎಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ತೀರ್ಮಾನ ಸರಿ ಇರಬಹುದು, ಹೇಳಬೇಕಾದವರು ಆ ಸಮಿತಿಯವರು. ವಿಶ್ವವಿದ್ಯಾಲಯದ್ದು ಒಂದು, ಕ್ಲಿನಿಕ್ ಆಸ್ಪತ್ರೆಯ ಅಡಿಯಲ್ಲಿದ್ದರೆ ಅದರದ್ದು ಇನ್ನೊಂದು ಪತ್ರ. ಕಡತ ತೆರೆಯುವ ಮೊದಲೇ ಅವು ಕೈಯಲ್ಲಿರಲಿ. ಸಂಗ್ರಹಿಸಿ ಮುಗಿದ ಮಾಹಿತಿಗೆ ಹಿಂದಿನ ದಿನಾಂಕದ ಅನುಮತಿ ಯಾರೂ ಕೊಡುವುದಿಲ್ಲ, ಆಗ ಆ 12 ವಾರ ಹೋದ ಹಾಗೇ.

ಪ್ರಶ್ನೆ (ದಾವಣಗೆರೆ): ನರ್ಸಿಂಗ್ ಕಾಲೇಜಿನಲ್ಲಿ ಉಪನ್ಯಾಸಕ, ಎಂ.ಎಸ್ಸಿ. ಆಗಿದೆ. ಬಡ್ತಿಗೆ ಡಿಎನ್‌ಪಿ ಒಳ್ಳೆಯದೋ ಪಿಎಚ್‌ಡಿಯೋ?

ಉತ್ತರ: ಇಲ್ಲೇ ಇರುವವರಾದರೆ ಪಿಎಚ್‌ಡಿ, ಎರಡು ಮಾತಿಲ್ಲ. ಇಲ್ಲಿನ ಬೋಧಕ ಹುದ್ದೆಗಳ ಏಣಿಯಲ್ಲಿ ಎಂ.ಎಸ್ಸಿ. ಆದ ಮೇಲಿನ ಮೆಟ್ಟಿಲು ಅದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಣಿಪಾಲ, ಮಾನಸಿಕ ಆರೋಗ್ಯ ನಿಮ್ಮ ವಿಷಯವಾದರೆ ನಿಮ್ಹಾನ್ಸ್ ನೋಡಿ. ಹೊರದೇಶದ ಡಿಎನ್‌ಪಿಯನ್ನು ಇಲ್ಲಿ ಸಮಾನ ಎಂದು ಒಪ್ಪಿಸಲು ಭಾರತೀಯ ಶುಶ್ರೂಷಾ ಪರಿಷತ್ತಿನ ಮುಂದೆ ಹೋಗಬೇಕಾಗುತ್ತದೆ.

ಪಾಠಕ್ಕಿಂತ ರೋಗಿಯ ಹಾಸಿಗೆ ಪಕ್ಕದ ಕೆಲಸದಲ್ಲೇ ಮೇಲೇರುವ ಆಸೆ ಇದ್ದವರಿಗೆ ಪರಿಷತ್ತಿನ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಇದೆ. ಎರಡು ವರ್ಷದ ರೆಸಿಡೆನ್ಸಿ, ಓದಿಗಿಂತ ಐಸಿಯು ಕೆಲಸವೇ ಹೆಚ್ಚು. ಉನ್ನತ ಪ್ಯಾಥೋಫಿಸಿಯಾಲಜಿ (ರೋಗದಿಂದ ದೇಹದಲ್ಲಾಗುವ ಬದಲಾವಣೆ), ಔಷಧ ವಿಜ್ಞಾನ (ಫಾರ್ಮಕಾಲಜಿ), ದೇಹ ಪರೀಕ್ಷೆ (ಫಿಸಿಕಲ್ ಅಸೆಸ್‌ಮೆಂಟ್): ಅಮೆರಿಕದಲ್ಲಿ ‘ಮೂರು ಪಿ’ ಎನ್ನುವ ಈ ವಿಷಯಗಳು ಅದರಲ್ಲಿ ಬೇರೆಬೇರೆ ಪತ್ರಿಕೆಗಳಾಗಿಯೇ ಇವೆ. ನಮ್ಮ ಮಾಮೂಲಿ ಎಂ.ಎಸ್ಸಿ.ಯಲ್ಲಿ ‘ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್’ ಎಂಬ ಪತ್ರಿಕೆ ಇದೆಯಲ್ಲ, ಆ ಹೆಸರು ನೋಡಿ ಮೋಸಹೋಗಬೇಡಿ. ಅಮೆರಿಕದ ಶಾಲೆಗಳು ಅದನ್ನು ಈ ಮೂರರ ಬದಲಿಗೆ ಒಪ್ಪುವುದಿಲ್ಲ.

ಪ್ರಶ್ನೆ (ತುಮಕೂರು): ಡಿಎನ್‌ಪಿ ಆದ ಮೇಲೆ ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಹುದೇ? ಸೀಟಿಗೆ ಇನ್ನೂ ಅರ್ಜಿ ಹಾಕಿಲ್ಲ.

ಉತ್ತರ: ಕೂಸು ಹುಟ್ಟುವ ಮುನ್ನ ಕುಲಾವಿ! ಕಾಲೇಜಿನಲ್ಲಿ, ಲೇಖನದಲ್ಲಿ, ಮದುವೆ ಆಮಂತ್ರಣದಲ್ಲಿ ಧಾರಾಳವಾಗಿ ಹಾಕಿಕೊಳ್ಳಿ. ರೋಗಿಯ ಮುಂದೆ ಮಾತ್ರ ಎಚ್ಚರ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಕಾನೂನಿನ ನಿರ್ಬಂಧವೇ ಇದೆ. ಉಳಿದ ಕಡೆಯೂ ‘ನಾನು ನರ್ಸ್ ಪ್ರಾಕ್ಟೀಷನರ್’ ಎಂಬ ಮಾತು ಅದೇ ಉಸಿರಿನಲ್ಲಿ ಬರಬೇಕು, ಬ್ಯಾಡ್ಜಿನಲ್ಲೂ ಅದು ‘ಡಾ.’ಗಿಂತ ಚಿಕ್ಕ ಅಕ್ಷರದಲ್ಲಿ ಇರಬಾರದು.