ಬರೀ ‘ತೆಗೆದರು’ ಅನ್ನಬೇಡ

ಆಫರ್ ಲೆಟರ್ ಬಂತು ಅಂದೆಯಲ್ಲ, ಖುಷಿ ಆಯಿತು ಕಣೋ. ಅದರಲ್ಲಿ ರಿಡಂಡೆನ್ಸಿ, ಡಿಸ್‌ಮಿಸಲ್, ಗಾರ್ಡನಿಂಗ್ ಲೀವ್ ಅಂತೆಲ್ಲ ಬರೆದಿದ್ದಾರೆ, ಎಲ್ಲಾ ಒಂದೇ ಅಲ್ವಾ ಅಣ್ಣ, ಇಂಗ್ಲೆಂಡಿನಲ್ಲಿ ಚಳಿ, ಬಾಡಿಗೆ ಹೇಗೆ ಅಂತ ಕೇಳಿದ್ದೀಯ. ಜಾಕೆಟ್ ಇಲ್ಲಿಗೆ ಬಂದ ಮೇಲೆ ತಗೊ. ಬಾಡಿಗೆ ಜಾಸ್ತಿ, ಆದರೆ ಬೆಂಗಳೂರಿನ ಹಾಗೆ 10 ತಿಂಗಳ ಅಡ್ವಾನ್ಸ್ ಯಾರೂ ಕೇಳುವುದಿಲ್ಲ.

ಆ ಪದಗಳು ಮಾತ್ರ ಒಂದೇ ಅಲ್ಲ. ರಿಡಂಡೆಂಟ್ ಅಂದರೆ ಆ ಹುದ್ದೆಯೇ ಬೇಡವಾಯಿತು ಅಂತ, ನಿನ್ನ ತಪ್ಪೇನಿಲ್ಲ. 2 ವರ್ಷ ಕೆಲಸ ಮಾಡಿದ್ದರೆ ಕಾನೂನು ಪ್ರಕಾರ ಪರಿಹಾರದ ಹಣವೂ ಬರುತ್ತದೆ. ಸ್ಯಾಕ್ ಮಾಡಿದರು ಅಂದರೆ ಏನೋ ಮಾಡಿಕೊಂಡಿದ್ದಾನೆ ಅಂತಲೇ ಜನ ತಿಳಿಯುವುದು. ಕಾನೂನಿನ ಲೆಕ್ಕದಲ್ಲಿ ಎರಡೂ ಡಿಸ್‌ಮಿಸಲ್ಲೇ, ಅಂದರೆ ಕೆಲಸದಿಂದ ತೆಗೆದದ್ದೇ, ಅದಕ್ಕೇ ಗೊಂದಲ. ಗಾರ್ಡನಿಂಗ್ ಲೀವ್ ಅಂದರೆ ನೋಟಿಸ್ ಮುಗಿಯುವ ತನಕ ಸಂಬಳ ಕೊಡುತ್ತಾರೆ, ಆಫೀಸಿಗೆ ಬರಬೇಡ ಅನ್ನುತ್ತಾರೆ. ಗಿಡಕ್ಕೆ ನೀರು ಹಾಕಿಕೊಂಡಿರು, ಅಷ್ಟೇ.

ನನಗೂ ಹೀಗಾಗಿತ್ತು. ನಾನು ಇಂಗ್ಲೆಂಡಿಗೆ ಬಂದು 3 ವರ್ಷ ಆಗಿತ್ತು. 2009ರಲ್ಲಿ ನಮ್ಮ ಇಡೀ ಟೀಮನ್ನೇ ಎತ್ತಿಬಿಟ್ಟರು. ಹೆಂಡತಿಯ ಕೆಲಸ ಇದ್ದದ್ದಕ್ಕೆ ವೀಸಾ ಉಳಿಯಿತು. ಅವತ್ತು ಸಂಜೆ ಬಸವನಗುಡಿಗೆ ಫೋನ್ ಮಾಡಿ ‘ಅಪ್ಪ, ಕೆಲಸದಿಂದ ತೆಗೆದರು’ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಏನು ಮಾಡಿಕೊಂಡೆ?’ ಅಂದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಸ್ಪೆಂಡು, ಎನ್‌ಕ್ವೈರಿ, ಆಮೇಲೆ ವಜಾ, ಅವರು ಕಂಡದ್ದು ಅದನ್ನೇ. ಲಂಚ ತಿಂದವರಿಗೆ ಆಗುವಂಥದ್ದು ಮಗನಿಗೆ ಆಯಿತಲ್ಲ ಅಂದುಕೊಂಡರು. ‘ಹುದ್ದೆನೇ ರದ್ದಾಯ್ತು’ ಅಂದಿದ್ದರೆ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ನಾನು ಸಿಟ್ಟಿನಲ್ಲಿ ‘ನಿಮಗೆ ತಿಳಿಯಲ್ಲ ಬಿಡಿ’ ಅಂತ ಫೋನ್ ಇಟ್ಟೆ.

ಒಂದು ತಿಂಗಳು ಅವರು ಕೃಷ್ಣರಾವ್ ಪಾರ್ಕಿಗೆ ವಾಕಿಂಗ್ ಹೋಗಲಿಲ್ಲವಂತೆ, ಮಗ ಹೇಗಿದ್ದಾನೆ ಅಂತ ಯಾರಾದರೂ ಕೇಳಿಯಾರು ಅಂತ. ಅಮ್ಮ ಹೇಳಿದ್ದು, ಅದೂ ಅಪ್ಪ ಹೋದ ಮೇಲೆ. ನನಗೆ 4 ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತ್ತು, ಮತ್ತೆ ಆ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ನಿನ್ನದು ಕಂಪನಿ ವೀಸಾ, ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಟೈಮ್ ಕೊಡುತ್ತಾರೆ, ಅಷ್ಟರಲ್ಲಿ ಇನ್ನೊಂದು ಹುಡುಕಬೇಕು. ಕೆಲಸ ಬಿಡುವಾಗ ಸಂಬಳ, ತೆರಿಗೆ ಲೆಕ್ಕದ ಪಿ45 ಅನ್ನೋ ಕಾಗದ ಕೊಡುತ್ತಾರೆ, ಜೋಪಾನ ಮಾಡು, ಹೊಸ ಕಡೆ ಕೇಳುತ್ತಾರೆ. ಅಕ್ಕಿ ಬೇಳೆ ಹೊತ್ತು ತರಬೇಡ, ಎಲ್ಲಾ ಸಿಗುತ್ತೆ. ಅಮ್ಮ ಮಾಡಿದ ಹುಳಿಪುಡಿ ಇದ್ದರೆ ತಗೊಂಡು ಬಾ, ನನಗೂ ಒಂಚೂರು.