ಪ್ರಶ್ನೋತ್ತರ: ನಾಯಿಯ ರಕ್ತ ಒಡೆಯುವ ಕಾಯಿಲೆ, ಸಂಶೋಧನೆಗೆ ಕೊಡುವ ದುಡ್ಡು

ಪ್ರಶ್ನೆ: ನಮ್ಮ ಕಾಕರ್ ಸ್ಪ್ಯಾನಿಯಲ್‌ಗೆ ಐಎಂಎಚ್‌ಎ ಬಂದು ಒಂಬತ್ತೇ ದಿನಕ್ಕೆ ತೀರಿಕೊಂಡಿತು. ಅದರ ನೆನಪಿಗೆ ಈ ಕಾಯಿಲೆಯ ಸಂಶೋಧನೆಗೆ 5,000 ಡಾಲರ್ ಕೊಡಬೇಕೆಂದಿದ್ದೇವೆ. ಯಾರಿಗೆ ಕೊಡುವುದು? ಇಷ್ಟರಲ್ಲಿ ಏನಾದರೂ ಆದೀತೆ?
ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಉಳಿದ ಓದುಗರಿಗಾಗಿ ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಐಎಂಎಚ್‌ಎ ಎಂದರೆ ನಾಯಿಯ ರೋಗನಿರೋಧಕ ವ್ಯವಸ್ಥೆ ತನ್ನದೇ ಕೆಂಪು ರಕ್ತಕಣಗಳ ಮೇಲೆ ತಿರುಗಿಬಿದ್ದು ಅವನ್ನು ಒಡೆದುಹಾಕುವುದು. ಒಸಡು ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾವಾರು ಪಾಲು, ಆರೋಗ್ಯವಂತ ನಾಯಿಯಲ್ಲಿ 37ರಿಂದ 55ರವರೆಗೆ ಇರುತ್ತದೆ. ಈ ಕಾಯಿಲೆಯಲ್ಲಿ ಕೆಲವೇ ದಿನಗಳಲ್ಲಿ ಅದು 15ಕ್ಕಿಂತ ಕೆಳಗಿಳಿಯಬಹುದು. ಸಾಯುವ ನಾಯಿಗಳಲ್ಲಿ ಹೆಚ್ಚಿನವು ಮೊದಲ ಎರಡು ವಾರದೊಳಗೇ ಸಾಯುತ್ತವೆ. ಅನೇಕ ಸಲ ಕೊಲ್ಲುವುದು ರಕ್ತಹೀನತೆಯಲ್ಲ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವ ರಕ್ತ. ಕಾಕರ್ ಸ್ಪ್ಯಾನಿಯಲ್ ತಳಿಗೆ ಇದು ಉಳಿದವಕ್ಕಿಂತ ಹೆಚ್ಚು.

ಈಗ ಹಣದ ಮಾತು. ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಅನುದಾನ ಕೊಡುವ ಎರಡು ದೊಡ್ಡ ಸಂಸ್ಥೆಗಳಿವೆ. 1948ರಲ್ಲಿ ಶುರುವಾದ, ಡೆನ್ವರ್‌ನ ಮಾರಿಸ್ ಅನಿಮಲ್ ಫೌಂಡೇಶನ್ ಒಂದು. 1995ರಲ್ಲಿ ಹುಟ್ಟಿದ, ರಾಲಿಯಲ್ಲಿರುವ ಎಕೆಸಿ ಕ್ಯಾನೈನ್ ಹೆಲ್ತ್ ಫೌಂಡೇಶನ್ ಇನ್ನೊಂದು. ಎರಡೂ ಸ್ವತಃ ಸಂಶೋಧನೆ ಮಾಡುವುದಿಲ್ಲ. ವಿಶ್ವವಿದ್ಯಾಲಯಗಳಿಂದ ಪ್ರಸ್ತಾವ ಕರೆದು, ಬೇರೆ ವಿಜ್ಞಾನಿಗಳಿಂದ ತೂಗಿಸಿ, ಆಯ್ದವಕ್ಕೆ ದುಡ್ಡು ಕೊಡುತ್ತವೆ. ಎಕೆಸಿ ಫೌಂಡೇಶನ್ ಸಣ್ಣ, ಅಲ್ಪಾವಧಿಯ ಪ್ರಾಯೋಗಿಕ ಅನುದಾನವನ್ನು ಏಕಾರ್ನ್ ಎಂದೂ ದೊಡ್ಡದನ್ನು ಓಕ್ ಎಂದೂ ಕರೆಯುತ್ತದೆ. ನಿಮ್ಮ 5,000 ಡಾಲರ್ ಓಕ್‌ನಲ್ಲಿ ಕಾಣೆಯಾಗಿಬಿಡುತ್ತದೆ. ಏಕಾರ್ನ್‌ಗೆ ಸೇರಿದರೆ ಎದ್ದು ಕಾಣುವ ಪಾಲು.

ಚೆಕ್ ಬರೆಯುವ ಮುನ್ನ ಒಂದು ಇಮೇಲ್ ಹಾಕಿ. ಈ ಕಾಯಿಲೆಯ ಮೇಲೆ ಈಗ ನಡೆಯುತ್ತಿರುವ ಯೋಜನೆ ಇದೆಯೇ, ಇದ್ದರೆ ಅದಕ್ಕೆ ಇನ್ನೆಷ್ಟು ಹಣ ಬೇಕು, ವಿಶ್ವವಿದ್ಯಾಲಯದ ಮೇಲುಖರ್ಚಿಗೆ ಎಷ್ಟು ಬಿಡುತ್ತೀರಿ, ಪ್ರಗತಿ ವರದಿ ದಾನಿಗೂ ಬರುತ್ತದೆಯೇ ಎಂದು ಕೇಳಿ. ಜನ ಹೆಚ್ಚಾಗಿ ಎಡವುವುದು ಷರತ್ತು ಹಾಕುವಾಗ. 'ಕಾಕರ್ ಸ್ಪ್ಯಾನಿಯಲ್‌ಗಳ ಐಎಂಎಚ್‌ಎಗೆ ಮಾತ್ರ' ಎಂದು ಬರೆದರೆ, ಅಂಥ ಪ್ರಸ್ತಾವ ಬರುವತನಕ ದುಡ್ಡು ಸುಮ್ಮನೆ ಕೂತಿರುತ್ತದೆ. 'ನಾಯಿಗಳ ಐಎಂಎಚ್‌ಎಗೆ, ಎರಡು ವರ್ಷದೊಳಗೆ ಯೋಗ್ಯ ಯೋಜನೆ ಸಿಗದಿದ್ದರೆ ರೋಗನಿರೋಧಕ ಸಂಬಂಧಿ ಇತರ ರಕ್ತಕಾಯಿಲೆಗೆ' ಎಂದು ಬರೆಯಿರಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇದೇ ರೀತಿ ನಾಶವಾಗುವ ಐಟಿಪಿ ಕಾಯಿಲೆ ಇದರ ದಾಯಾದಿ, ಹಣ ದಾರಿ ತಪ್ಪುವುದಿಲ್ಲ. ನೀವು ಕೆಲಸ ಮಾಡುವ ಕಂಪನಿ ನೌಕರರ ದಾನಕ್ಕೆ ಸಮನಾಗಿ ತಾನೂ ಸೇರಿಸುತ್ತದೆಯೇ ಎಂದೂ ವಿಚಾರಿಸಿ. ಅರ್ಜಿಯ ಗಡುವು ಮರೆತು ಆ ಸೌಲಭ್ಯ ಕಳೆದುಕೊಳ್ಳಬೇಡಿ.

ಪ್ರಶ್ನೆ: ಈ ಕಾಯಿಲೆಗೆ ಇವತ್ತಿಗೂ ಮೊದಲ ಮದ್ದು ಅದೇ ಹಳೆಯ ಸ್ಟಿರಾಯ್ಡ್, ಪ್ರೆಡ್ನಿಸೊಲೋನ್. ಇಷ್ಟು ವರ್ಷ ಸಂಶೋಧಕರು ಏನು ಮಾಡುತ್ತಿದ್ದರು?
ಓದುಗರು, ಮೈಸೂರು

ಉತ್ತರ: ಕೋಪ ನ್ಯಾಯವೇ, ಆದರೆ ಬೈಯಬೇಕಾದ್ದು ಲೆಕ್ಕವನ್ನು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಮದ್ದನ್ನು ಎಲ್ಲ ನಾಯಿಗೂ ಒಂದೇ ಪ್ರಮಾಣದಲ್ಲಿ ಕೊಡುವ ಬದಲು, ಪ್ರತಿ ನಾಯಿಯ ರಕ್ತ ಪರೀಕ್ಷಿಸಿ ಅದಕ್ಕೆ ತಕ್ಕಂತೆ ಏರಿಳಿಸಿದರು. ಹಾಗೆ ಕೊಟ್ಟ 8 ನಾಯಿಗಳಲ್ಲಿ 7 ಆರು ತಿಂಗಳ ನಂತರವೂ ಬದುಕಿದ್ದವು. ಒಂದೇ ಪ್ರಮಾಣ ಪಡೆದ 7ರಲ್ಲಿ ಉಳಿದದ್ದು 1. ಕೇಳಲು ಪವಾಡದಂತಿದೆ, ಆದರೆ ಒಟ್ಟು ನಾಯಿಗಳು ಹದಿನೈದೇ. ಎರಡು ಮೂರು ನಾಯಿಗಳ ಅದೃಷ್ಟ ಅದಲುಬದಲಾಗಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು. ಮನುಷ್ಯರ ರಕ್ತದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್ ಎಂಬ ಪ್ರತಿಕಾಯ ಕೊಟ್ಟು ನೋಡಿದ 2009ರ ಪ್ರಯೋಗದಲ್ಲಿ 28 ನಾಯಿಗಳಿದ್ದವು, ಲಾಭ ಕಾಣಲಿಲ್ಲ. ಅದು ಮದ್ದಿನ ಸೋಲೋ, ಸಂಖ್ಯೆ ಸಾಲದ್ದೋ, ಬಿಡಿಸಿ ಹೇಳುವುದು ಕಷ್ಟ.

ಎಷ್ಟು ನಾಯಿ ಬೇಕು? ಹೊಸ ಚಿಕಿತ್ಸೆಯಿಂದ ಬದುಕುಳಿಯುವವು ಶೇ 60ರಿಂದ 75ಕ್ಕೆ ಏರುತ್ತವೆಯೇ ಎಂದು ನಂಬುವಂತೆ ತೋರಿಸಲು ಒಂದೊಂದು ಗುಂಪಿಗೆ ಸುಮಾರು 150, ಒಟ್ಟು 300 ನಾಯಿ ಬೇಕು. ಒಂದು ದೊಡ್ಡ ಕಾಲೇಜು ಆಸ್ಪತ್ರೆಗೆ ವರ್ಷಕ್ಕೆ 24 ಪ್ರಕರಣ ಬಂದು, ಅರ್ಧದಷ್ಟು ಮಾಲೀಕರು ಒಪ್ಪಿದರು ಎಂದಿಟ್ಟುಕೊಳ್ಳಿ. ಅದೊಂದೇ ಆಸ್ಪತ್ರೆ ಮಾಡಿದರೆ 25 ವರ್ಷ. ಎಂಟು ಆಸ್ಪತ್ರೆ ಕೈಜೋಡಿಸಿದರೆ ಮೂರು ವರ್ಷ ಚಿಲ್ಲರೆ. ಹಾಗೆ ಜೋಡಿಸುವುದಕ್ಕೇ ದುಡ್ಡು ಬೇಕಾಗಿರುವುದು: ಎಲ್ಲೆಡೆ ಒಂದೇ ರೀತಿಯ ಪರೀಕ್ಷೆ, ಮಾದರಿ ಸಾಗಿಸಲು ಒಣ ಐಸ್, ದಾಖಲೆ ನೋಡಿಕೊಳ್ಳುವ ಒಬ್ಬರು, ಲೆಕ್ಕ ಬಲ್ಲ ಸಂಖ್ಯಾಶಾಸ್ತ್ರಜ್ಞರು.

ಔಷಧ ಕಂಪನಿಗಳು ಇತ್ತ ತಲೆಹಾಕುವುದು ಅಪರೂಪ. ಪ್ರೆಡ್ನಿಸೊಲೋನ್, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್, ಹೆಪ್ಪುಗಟ್ಟುವುದನ್ನು ತಡೆಯುವ ಕ್ಲೋಪಿಡೋಗ್ರೆಲ್ ಎಲ್ಲವೂ ಪೇಟೆಂಟ್ ಮುಗಿದು ಅಗ್ಗಕ್ಕೆ ಸಿಗುವ ಮದ್ದುಗಳು. ಯಾವುದು ಮೇಲು ಎಂದು ತೋರಿಸಿಕೊಟ್ಟವರಿಗೆ ಲಾಭವಿಲ್ಲ. ಹಾಗಾಗಿ ಈ ಪ್ರಶ್ನೆಗಳು ದಾನದ ಹಣದಿಂದಲೇ ಬಗೆಹರಿಯಬೇಕು. ಇನ್ನೊಂದು ಸಿಕ್ಕು: ಖರ್ಚು ಭರಿಸಲಾಗದೆ ದಯಾಮರಣ ಕೊಡಿಸಿದ ನಾಯಿಯೂ 'ಸತ್ತದ್ದು' ಎಂದೇ ಲೆಕ್ಕಕ್ಕೆ ಸೇರುತ್ತದೆ. ಅದು ಮದ್ದಿನ ಸೋಲಲ್ಲ, ಜೇಬಿನ ಸೋಲು. ಪ್ರಯೋಗದ ಹಣದಿಂದಲೇ ಪರೀಕ್ಷೆ ಮತ್ತು ಮದ್ದಿನ ಖರ್ಚು ಕೊಟ್ಟರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಪ್ರಸ್ತಾವದಲ್ಲಿ ಇದಕ್ಕೆ ಹಣ ಇಟ್ಟಿದ್ದಾರೆಯೇ ಎಂದು ನಾವಾದರೆ ಮೊದಲು ನೋಡುತ್ತೇವೆ.

ಪ್ರಶ್ನೆ: ಲಸಿಕೆಯಿಂದ ಐಎಂಎಚ್‌ಎ ಬರುತ್ತದಂತೆ. ದುಡ್ಡನ್ನೆಲ್ಲ ಅದರ ಮೇಲಿನ ಸಂಶೋಧನೆಗೇ ಕೊಡಬಾರದೇಕೆ?
ಓದುಗರು, ಹುಬ್ಬಳ್ಳಿ

ಉತ್ತರ: 1996ರ ಒಂದು ಅಧ್ಯಯನದಲ್ಲಿ 58 ರೋಗಿ ನಾಯಿಗಳ ಪೈಕಿ 15ಕ್ಕೆ ಹಿಂದಿನ ಒಂದು ತಿಂಗಳೊಳಗೆ ಲಸಿಕೆ ಆಗಿತ್ತು. ಮಾತು ಹುಟ್ಟಿದ್ದು ಅಲ್ಲಿಂದ. ಆಮೇಲಿನ ಅಧ್ಯಯನಗಳಲ್ಲಿ ಆ ನಂಟು ಗಟ್ಟಿಯಾಗಿ ಸಿಗಲಿಲ್ಲ. ಒಮ್ಮೆ ಈ ಕಾಯಿಲೆ ಬಂದ ನಾಯಿಗೆ ಯಾವ ಲಸಿಕೆ ಯಾವಾಗ ಎಂದು ವೈದ್ಯರ ಜೊತೆ ಕೂತು ನಿರ್ಧರಿಸಿ. ಉಳಿದ ನಾಯಿಗಳಿಗೆ ರೇಬೀಸ್ ಲಸಿಕೆ ತಪ್ಪಿಸಲೇಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ನಾಯಿಪ್ರಿಯರು ಸೇರಿ 60,000 ರೂಪಾಯಿ ಕೂಡಿಸಿದ್ದೇವೆ. ಅಮೆರಿಕಕ್ಕೆ ಕಳಿಸುವುದೋ, ಇಲ್ಲೇ ಏನಾದರೂ ಮಾಡಬಹುದೋ?
ಓದುಗರು, ಮಂಗಳೂರು

ಉತ್ತರ: ಇಲ್ಲೇ ಮಾಡಿ. ಹೊರದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ನಿಮಗೆ ಇಲ್ಲಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯದೇ ಒಂದು ಪ್ರಶ್ನೆ ಇದೆ. ಇಲ್ಲಿ ಉಣ್ಣೆಗಳ ಕಾಟ ವಿಪರೀತ. ಅವು ಹರಡುವ ಬಬೇಸಿಯಾ ಗಿಬ್ಸನಿ ಎಂಬ ಪರಾವಲಂಬಿ ಕೆಂಪುಕಣದೊಳಗೇ ಕೂತು ಐಎಂಎಚ್‌ಎಯನ್ನು ಕೆರಳಿಸಬಲ್ಲದು. ಸೋಂಕು ಪತ್ತೆಯಾಗದೆ ಬರೀ ಸ್ಟಿರಾಯ್ಡ್ ಕೊಟ್ಟರೆ ಪರಾವಲಂಬಿಗೆ ಹಬ್ಬ. 'ಐಎಂಎಚ್‌ಎ' ಎಂದು ಚೀಟಿ ಬರೆಸಿಕೊಂಡ ನಮ್ಮ ನಾಯಿಗಳಲ್ಲಿ ಎಷ್ಟಕ್ಕೆ ಬಬೇಸಿಯಾ ಇದೆ? ಸಣ್ಣ ಮೊತ್ತಕ್ಕೆ ಒಪ್ಪುವ ಪ್ರಶ್ನೆ ಇದು.

ಹೆಬ್ಬಾಳ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳು ಬೀದರಿನ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅಲ್ಲಿನ ಎಂವಿಎಸ್ಸಿ (ಪಶುವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿಯ ಪ್ರಬಂಧಕ್ಕೆ ಕಿಟ್, ಪಿಸಿಆರ್ (ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಖರ್ಚು ಕೊಡಬಹುದೇ ಎಂದು ಡೀನ್ ಅವರಿಗೆ ಪತ್ರ ಬರೆಯಿರಿ. ಒಂದು ನಾಯಿಗೆ ಪಿಸಿಆರ್ ಖರ್ಚು 1,500 ರೂಪಾಯಿ ಎಂದುಕೊಂಡರೆ 40 ನಾಯಿ. ಕೆಲವು ಮಾದರಿ ಕೆಟ್ಟು ಮತ್ತೆ ಮಾಡಬೇಕಾಗುವುದರಿಂದ 36 ಎಂದೇ ಲೆಕ್ಕ ಹಿಡಿಯಿರಿ. ನಿಜವಾದ ದರವನ್ನು ಲ್ಯಾಬಿನಿಂದ ಬರಹದಲ್ಲಿ ತರಿಸಿಕೊಳ್ಳಿ. ಹಣ ಸಂಸ್ಥೆಯ ಖಾತೆಗೇ ಹೋಗಲಿ, ವಿದ್ಯಾರ್ಥಿಯ ಅಥವಾ ಪ್ರಾಧ್ಯಾಪಕರ ಸ್ವಂತ ಖಾತೆಗೆ ಬೇಡ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಅರ್ಧ, ಮಾದರಿ ಸಂಗ್ರಹ ಮುಗಿದ ಮೇಲೆ ಇನ್ನರ್ಧ ಎಂದು ಒಪ್ಪಂದ ಮಾಡಿಕೊಳ್ಳಿ. 'ಏನೂ ಸಿಗಲಿಲ್ಲ' ಎಂಬ ಫಲಿತಾಂಶವನ್ನೂ ಪ್ರಕಟಿಸಬೇಕೆಂದು ಅದರಲ್ಲಿ ಸೇರಿಸಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಪ್ರಶ್ನೆ: ಚಿಕ್ಕ ಊರಿನ ಪಶುವೈದ್ಯೆ ನಾನು. ಕೊಡಲು ದುಡ್ಡಿಲ್ಲ. ಸಂಶೋಧನೆಗೆ ಮಾದರಿ ತೆಗೆದಿಟ್ಟರೆ ಉಪಯೋಗವಾಗುತ್ತದೆಯೇ?
ಓದುಗರು, ಶಿರಸಿ

ಉತ್ತರ: ಸರಿಯಾಗಿ ತೆಗೆದಿಟ್ಟ ಮಾದರಿ ದುಡ್ಡಿಗಿಂತ ಕಡಿಮೆಯೇನಲ್ಲ. ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಸ್ಟಿರಾಯ್ಡ್ ಮತ್ತು ರಕ್ತ ಕೊಡುವ ಮೊದಲೇ ತೆಗೆಯಿರಿ. ಸ್ಟಿರಾಯ್ಡ್ ಶುರುವಾದ ಮೇಲೆ, ಕೆಂಪುಕಣಕ್ಕೆ ಅಂಟಿದ ಪ್ರತಿಕಾಯ ಪತ್ತೆಹಚ್ಚುವ ಕೂಂಬ್ಸ್ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಬೇರೆ ನಾಯಿಯ ರಕ್ತ ಏರಿಸಿದ ಮೇಲೆ ಯಾರ ಕಣ ಯಾವುದೆಂದು ಗೊತ್ತಾಗುವುದಿಲ್ಲ. 10 ಕೆಜಿಯ ನಾಯಿಯಲ್ಲಿ ಇರುವುದೇ 800-900 ಮಿಲಿ ರಕ್ತ, ಆದ್ದರಿಂದ ಒಂದು ದಿನಕ್ಕೆ ಎಲ್ಲ ಸೇರಿ 8 ಮಿಲಿ ದಾಟಬೇಡಿ. 2 ಮಿಲಿಯ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು ಗೆರೆಯವರೆಗೂ ತುಂಬಿಸಿ. ಅರೆಬರೆ ತುಂಬಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಕುಗ್ಗಿ ಪಿಸಿವಿ ತಪ್ಪುತ್ತದೆ.

ಒಂದು ಗಂಟೆಯೊಳಗೆ ಸ್ಲೈಡಿನ ಮೇಲೆ ರಕ್ತದ ತೆಳು ಪದರ, ಅಂದರೆ ಸ್ಮಿಯರ್, ಮೂರು ಎಳೆದು ಗಾಳಿಯಲ್ಲಿ ಒಣಗಿಸಿ. ಒಂದನ್ನು ಬಣ್ಣ ಹಾಕಿ ನೋಡಿ. ನಡುವಿನ ಬಿಳುಪು ಇಲ್ಲದೆ, ಗುಂಡಗೆ, ಸಾಸಿವೆ ಕಾಳಿನಂತೆ ಕಾಣುವ ಕೆಂಪುಕಣಗಳು ಸ್ಫೆರೋಸೈಟ್‌ಗಳು. ಆಯಿಲ್ ಇಮ್ಮರ್ಶನ್‌ನಲ್ಲಿ ಒಂದು ಕ್ಷೇತ್ರಕ್ಕೆ ಐದು ಅಥವಾ ಹೆಚ್ಚು ಕಂಡರೆ ಅನುಮಾನಕ್ಕೆ ಬಲ. ಸ್ಲೈಡಿನ ಮೇಲೆ ಒಂದು ಹನಿ ರಕ್ತಕ್ಕೆ ನಾಲ್ಕು ಹನಿ ಸಲೈನ್ ಬೆರೆಸಿ, ಹೊರಳಾಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ನಾಣ್ಯ ಪೇರಿಸಿದಂತೆ ಸಾಲಾಗಿ ಅಂಟಿದ್ದವು ಬಿಡಿಸಿಕೊಳ್ಳುತ್ತವೆ. ದ್ರಾಕ್ಷಿ ಗೊಂಚಲಿನಂತೆ ಉಳಿದರೆ ನಿಜವಾದ ಅಂಟುವಿಕೆ. ಗೊಂದಲವಾದರೆ ಒಂದು ಪಾಲಿಗೆ 49 ಪಾಲು ಸಲೈನ್ ಹಾಕಿ ಮತ್ತೆ ನೋಡಿ.

ಇಡಿಟಿಎ ಇಲ್ಲದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವೇ ಸೀರಂ, ಅದನ್ನು ಬೇರ್ಪಡಿಸಿದ ಮೇಲಷ್ಟೇ ಫ್ರೀಜ್ ಮಾಡಿ. ಇಡೀ ರಕ್ತವನ್ನು ಫ್ರೀಜ್ ಮಾಡಿದರೆ ಕಣಗಳು ಒಡೆಯುತ್ತವೆ, ಡಿಎನ್‌ಎ ಮತ್ತು ಪಿಸಿಆರ್ ಬಿಟ್ಟು ಬೇರೆ ಯಾವುದಕ್ಕೂ ಬಾರದು. ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ ಆಗಾಗ ತಾನೇ ಬಿಸಿಯಾಗಿ ಐಸ್ ಕರಗಿಸಿಕೊಳ್ಳುತ್ತದೆ, ಸೀರಂ ಹಾಳಾಗುವುದು ಅಲ್ಲೇ. ಮೈನಸ್ 80 ಡಿಗ್ರಿಯ ಫ್ರೀಜರ್ ಇರುವ ಕಾಲೇಜಿಗೆ ವಾರದೊಳಗೆ ತಲುಪಿಸುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಟ್ಯೂಬಿನ ಮೇಲೆ ದಿನಾಂಕ, ಗಂಟೆ, ತಳಿ, ವಯಸ್ಸು, ಅದುವರೆಗೆ ಕೊಟ್ಟ ಮದ್ದು ಬರೆಯಿರಿ. ಬಾಲ್‌ಪೆನ್ನಿನ ಬರಹ ಐಸಿನಲ್ಲಿ ಅಳಿಸಿಹೋಗುತ್ತದೆ, ಪೆನ್ಸಿಲ್ಲಿನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಸುತ್ತಿ.