ಕುದುರೆ ಇದ್ದಕ್ಕಿದ್ದಂತೆ ಕುಂಟುತ್ತಿದೆ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಭುಜಕ್ಕೆ ಯಾವ ಎಣ್ಣೆ ತಿಕ್ಕಿದರೆ ಒಳ್ಳೆಯದು?

ಎಣ್ಣೆ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಭುಜದ್ದೇ ನೋವು ಅಂತ ಯಾರು ಹೇಳಿದ್ದು? ರಾತ್ರಿ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಮುಂಗಾಲು ಊರಲಿಲ್ಲ, ಊತವಿಲ್ಲ, ಗಾಯವಿಲ್ಲ, ನೋವಿನ ಔಷಧಿ ಕೊಟ್ಟಾಗ ಪರವಾಗಿಲ್ಲ, ನಿಲ್ಲಿಸಿದರೆ ಮತ್ತೆ ಕುಂಟು ಅಂತ ಬರೆದಿದ್ದೀರಿ. ಇದನ್ನೆಲ್ಲ ನಾವು ಅನುಭವಿಸಿ ಆಗಿದೆ.

ನಾವು ಮೈಸೂರಿನವರು. ಅಪ್ಪ ಅರಮನೆ, ವಸ್ತುಪ್ರದರ್ಶನದ ಕಡೆ ಟಾಂಗಾ ಓಡಿಸುತ್ತಿದ್ದರು. ಅವರಿಗೆ ಮಂಡಿನೋವು ಶುರುವಾದ ಮೇಲೆ ಲಗಾಮು ನನ್ನ ಕೈಗೆ ಬಂತು. ದಸರಾ ಹತ್ತಿರ ಬರುತ್ತಿದ್ದಾಗ ಒಂದು ಬೆಳಿಗ್ಗೆ ನೋಡಿದರೆ ನಮ್ಮ ರಾಣಿ ಎಡ ಮುಂಗಾಲಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿಕೊಂಡು ನಿಂತಿದ್ದಳು. ಹುರುಳಿ ಬೇಯಿಸಿ ಮುಂದೆ ಹಿಡಿದರೂ ಒಂದು ಹೆಜ್ಜೆ ಇಡಲಿಲ್ಲ. ಮೂಳೆಯೇ ಮುರಿದಿದೆ ಅಂದುಕೊಂಡೆ.

ಡಾಕ್ಟರಿಗೆ ಫೋನ್ ಮಾಡಿದೆ, ನಾಳೆ ಬರ್ತೀನಿ ಅಂದರು. ಹಿಂದೆ ಬೇರೊಂದು ಕುದುರೆಗೆ ಬರೆದುಕೊಟ್ಟಿದ್ದ ಬ್ಯೂಟ್, ಅಂದರೆ ಫಿನೈಲ್‌ಬ್ಯೂಟಜೋನ್ ಅನ್ನುವ ನೋವಿನ ಮಾತ್ರೆ, ಮನೆಯಲ್ಲಿ ಉಳಿದಿತ್ತು. ಅವಳು ನಡುಗುವುದನ್ನು ನೋಡಲಾರದೆ ಬೆಲ್ಲದಲ್ಲಿ ಕಲಸಿ ಕೊಟ್ಟುಬಿಟ್ಟೆ. ನಮ್ಮನ್ನು ಮುಳುಗಿಸಿದ್ದು ಈ ಒಂದು ಕೆಲಸ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ.

ಕುಂಟು ಅನ್ನುವುದು ರೋಗವಲ್ಲ, ನೋವು ಎಲ್ಲಿದೆ ಅಂತ ಕುದುರೆ ತೋರಿಸುವ ಗುರುತು. ಡಾಕ್ಟರು ಕುದುರೆಯನ್ನು ಓಡಿಸಿ ನೋಡುತ್ತಾರೆ, ಗೊರಸನ್ನು ಇಕ್ಕಳದಲ್ಲಿ ಒಂದೊಂದೇ ಕಡೆ ಒತ್ತಿ ಎಲ್ಲಿ ಕಾಲು ಎಳೆದುಕೊಳ್ಳುತ್ತದೆ ಅಂತ ಪರೀಕ್ಷಿಸುತ್ತಾರೆ. ಬ್ಯೂಟ್ ಆ ನೋವನ್ನೇ ಅಡಗಿಸುತ್ತದೆ, ಅದರ ಪ್ರಭಾವ ಒಂದು ದಿನದ ಮೇಲೂ ಉಳಿದಿರಬಹುದು. ಮಾರನೇ ದಿನ ಡಾಕ್ಟರ್ ಬಂದಾಗ ರಾಣಿ ಅಲ್ಪಸ್ವಲ್ಪ ಎಳೆದು ನಡೆಯುತ್ತಿದ್ದಳು ಅಷ್ಟೆ. ಇಕ್ಕಳದಲ್ಲಿ ಒತ್ತಿದರೂ ಸುಮ್ಮನಿದ್ದಳು. ರಾತ್ರಿಯಿಡೀ ಒಂದೇ ಕಡೆ ಭಾರ ಹಾಕಿ ನಿಂತು ಭುಜದ ಮಾಂಸಖಂಡ ಬಿಗಿದಿತ್ತು, ಅಲ್ಲಿ ಮುಟ್ಟಿದಾಗ ಮೈ ಅದುರಿತು. ಮಾತ್ರೆ ಕೊಟ್ಟಿದ್ದನ್ನು ನಾನು ಹೇಳಲೂ ಇಲ್ಲ, ಬೈಯುತ್ತಾರೆ ಅಂತ. ಪಾಪ, ಅವರು ಕಂಡಿದ್ದನ್ನು ನಂಬಿ ಭುಜ ಅಂದರು. ಮಂಡಿಯದ್ದು, ಗಿಣ್ಣಿನದ್ದು ಎಕ್ಸ್‌ರೇ ತೆಗೆಸಿದೆವು, ಎಲ್ಲ ಸರಿಯಾಗೇ ಇತ್ತು. ಔಷಧಿ ಇಳಿದಾಗ ಕುಂಟು, ಕೊಟ್ಟಾಗ ವಾಸಿ. ಯಾರಿಗೂ ಪತ್ತೆಯಾಗದ ಕಾಯಿಲೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡೆವು. ಆ ಒಗಟು ಕುದುರೆಯ ಕಾಲಿನಲ್ಲಿ ಇರಲಿಲ್ಲ, ನನ್ನ ಮಾತ್ರೆಯ ಡಬ್ಬಿಯಲ್ಲಿತ್ತು.

ಇದ್ದದ್ದು ಗೊರಸಿನ ಒಳಗೆ ಕೀವು. ನಿಮಗೆ ಯಾವಾಗಲಾದರೂ ಉಗುರುಸುತ್ತು ಆಗಿದ್ದರೆ ಆ ಸಿಡಿತ ಗೊತ್ತಿರುತ್ತದೆ. ಅಂಥ ಬೆರಳಿನ ಮೇಲೆ ಇಡೀ ಮೈಭಾರ ಬಿದ್ದರೆ ಹೇಗಿರಬೇಡ! ಗೊರಸು ಗಟ್ಟಿ ಚಿಪ್ಪು, ಹಿಗ್ಗುವುದಿಲ್ಲ. ಹಾಗಾಗಿ ಹೊರಗೆ ಊತವೇ ಕಾಣುವುದಿಲ್ಲ, ನೋವು ಮಾತ್ರ ಮೂಳೆ ಮುರಿದಷ್ಟು. ಒಂದೇ ರಾತ್ರಿಯಲ್ಲಿ ಕಾಲೂರದಷ್ಟು ಕುಂಟು ಬಂದರೆ ಅತಿ ಸಾಮಾನ್ಯ ಕಾರಣ ಇದೇ. ಮಳೆಗಾಲದಲ್ಲಿ ಗೊರಸು ನೆನೆದು, ಒಣಗಿ, ಮತ್ತೆ ನೆನೆದು ತಳದಲ್ಲಿ ಸಂದು ಬಿಡುತ್ತದೆ. ಅಲ್ಲಿಂದ ಕೊಳೆ ಒಳಗೆ ಹೋಗುತ್ತದೆ, ಇಲ್ಲವೇ ಲಾಳದ ಮೊಳೆ ಜೀವವಿರುವ ಕಡೆಗೆ ತೀರ ಹತ್ತಿರ ಇಳಿದಿರುತ್ತದೆ.

ತಳದಲ್ಲಿ ದಾರಿ ಸಿಗದ ಕೀವು ಗೋಡೆಯ ಒಳಗೇ ಮೇಲಕ್ಕೆ ಕೊರೆದುಕೊಂಡು ಹೋಯಿತು. ನಾನೋ, ವಾಸಿಯಾಯಿತು ಅಂದುಕೊಂಡು ಅವಳನ್ನು ನಡೆಸಾಡಿಸುತ್ತಿದ್ದೆ. ಕೊನೆಗೆ ಗೊರಸಿಗೂ ಚರ್ಮಕ್ಕೂ ಸೇರುವ ಕೂದಲಂಚಿನಲ್ಲಿ ಕಪ್ಪಗೆ ಒಡೆದು ಸೋರಿತು. ಲಾಳ ಕಟ್ಟುವ ಚಾಚಾ ಬಂದು ಲಾಳ ಬಿಚ್ಚಿದರು. ಒಂದು ಮೊಳೆ ಒದ್ದೆಯಾಗಿ, ಕೊಳೆತ ವಾಸನೆ ಹೊತ್ತು ಹೊರಬಂತು. "ಮೊದಲೇ ನನ್ನ ಕರೀಬೇಕಿತ್ತಲ್ಲ ಮಗಾ, ಕಾಲೆತ್ತಿ ನೋಡಿದ್ರೆ ಆವತ್ತೇ ಗೊತ್ತಾಗ್ತಿತ್ತು" ಅಂದರು. ಅಪ್ಪ ಏನೂ ಮಾತಾಡಲಿಲ್ಲ.

ಒಡೆದ ಮೇಲೆ ಕುಂಟು ಬೇಗ ಇಳಿಯಿತು. ಆದರೆ ಒಳಗಿನಿಂದ ಗೋಡೆ ಸಡಿಲವಾಗಿತ್ತು, ಆ ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಅಲ್ಲಿ ಮೊಳೆ ನಿಲ್ಲುವುದಿಲ್ಲ. ಮೊಳೆ ಇಲ್ಲದೆ ಲಾಳವಿಲ್ಲ, ಲಾಳವಿಲ್ಲದೆ ಟಾರು ರಸ್ತೆಯಲ್ಲಿ ಗಾಡಿ ಎಳೆಸುವ ಹಾಗಿಲ್ಲ. ಗೊರಸು ಬೆಳೆಯುವುದು ತಿಂಗಳಿಗೆ 8ರಿಂದ 10 ಮಿಲಿಮೀಟರ್. ಮುಂಭಾಗದಲ್ಲಿ ಮೇಲಿನಿಂದ ನೆಲದವರೆಗೆ ಹೊಸದಾಗಿ ಇಳಿಯಲು 9ರಿಂದ 12 ತಿಂಗಳು ಬೇಕು. ಆ ದಸರಾ ಹೋಯಿತು, ಬೇಸಿಗೆ ರಜೆಯ ದುಡಿಮೆಯೂ ಹೋಯಿತು. ಅಪ್ಪ ಸಾಲ ಮಾಡಿ ಮೇವು ತಂದರು. ಮೊದಲ ದಿನವೇ ತಳದಲ್ಲಿ ಒಂದು ಸಣ್ಣ ರಂಧ್ರ ಮಾಡಿ ಕೀವು ಇಳಿಸಿದ್ದರೆ ಇಷ್ಟೆಲ್ಲ ಇರಲಿಲ್ಲ.

ಈಗ ನಿಮ್ಮ ಕುದುರೆಯ ವಿಷಯ. ಕುದುರೆಯ ಭಾರದಲ್ಲಿ ಹತ್ತಿರ ಹತ್ತಿರ 60 ಪ್ರತಿಶತ ಮುಂಗಾಲುಗಳ ಮೇಲೆಯೇ ಇರುತ್ತದೆ, ಮುಂಗಾಲಿನ ಕುಂಟಿನಲ್ಲಿ ಹೆಚ್ಚಿನವು ಗೊರಸಿನವು. ಬೇರೆ ಏನಾದರೂ ಅಂತ ಸಾಬೀತಾಗುವವರೆಗೆ ಗೊರಸು ಅಂತಲೇ ಹಿಡಿಯಿರಿ. ಎರಡೂ ಗೊರಸಿನ ಮೇಲೆ ಅಂಗೈ ಇಟ್ಟು ಯಾವುದು ಬಿಸಿ ನೋಡಿ. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದಲ್ಲಿ, ಎರಡು ಪಕ್ಕಕ್ಕೂ ಬೆರಳಿಡಿ. ಆರೋಗ್ಯವಾಗಿದ್ದರೆ ನಾಡಿ ಸಿಗುವುದೇ ಕಷ್ಟ, ತೊಂದರೆಯಿದ್ದರೆ ದಬದಬ ಬಡಿಯುತ್ತದೆ. ನಡೆಸುವಾಗ ತಲೆ ನೋಡಿ: ನೋವಿನ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೆದ್ದು, ಒಳ್ಳೆಯ ಕಾಲಿಗೆ ತಗ್ಗುತ್ತದೆ. ಔಷಧಿ ಕೊಡುವ ಮುಂಚೆ ಮೊಬೈಲಿನಲ್ಲಿ ಅದರ ವಿಡಿಯೋ ತೆಗೆದಿಡಿ. ಆದರೆ ಕಾಲು ಊರುವುದೇ ಇಲ್ಲ ಅಂದರೆ ಬಲವಂತವಾಗಿ ನಡೆಸಬೇಡಿ, ನಿಜವಾಗಿಯೂ ಮೂಳೆ ಬಿರುಕು ಬಿಟ್ಟಿರಬಹುದು. ಕೂದಲೆಳೆಯಂಥ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು ಹದಿನಾಲ್ಕು ದಿನ ಬಿಟ್ಟು ತೆಗೆದಾಗ ಕಾಣುವುದುಂಟು. ಗೊರಸಿಗೆ ಮೊಳೆ ಚುಚ್ಚಿಕೊಂಡಿರುವುದು ಕಂಡರೆ ಕೀಳಬೇಡಿ, ಅದು ಎಷ್ಟು ಆಳಕ್ಕೆ ಹೋಗಿದೆ ಅಂತ ಡಾಕ್ಟರ್ ನೋಡಬೇಕು.

ಗೊರಸಿನಲ್ಲಿ ಏನೂ ಸಿಗಲಿಲ್ಲವೆಂದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗ ಮರಗಟ್ಟಿಸುವ ಇಂಜೆಕ್ಷನ್ ಮಾಡಿಸಿ. ಯಾವ ಮಟ್ಟದಲ್ಲಿ ಕುಂಟು ನಿಲ್ಲುತ್ತದೋ ನೋವು ಅಲ್ಲಿದೆ, ಎಕ್ಸ್‌ರೇ ಅಲ್ಲಿಗೆ ತೆಗೆಸಬೇಕು. ಮೊದಲೇ ಕಾಲು ಪೂರ್ತಿ ಎಕ್ಸ್‌ರೇ ತೆಗೆಸುವುದು ಕತ್ತಲಲ್ಲಿ ದುಡ್ಡು ಎಸೆದ ಹಾಗೆ.

ಕೀವು ಇಳಿಸಿದ ಮೇಲೆ ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ನೆನೆಸಿ, ಹತ್ತಿ ಇಟ್ಟು, ಮಕ್ಕಳ ಡೈಪರ್ ಸುತ್ತಿ ಅಗಲ ಟೇಪು ಬಿಗಿದರೆ ಕೊಳೆ ತಾಗುವುದಿಲ್ಲ. ಧನುರ್ವಾಯು ಇಂಜೆಕ್ಷನ್ ತಪ್ಪಿಸಬೇಡಿ, ಕುದುರೆಗೆ ಅದು ಬಹಳ ಬೇಗ ತಗಲುತ್ತದೆ. ನೋವಿನ ಔಷಧಿ ಕೊಡಲೇಬೇಡಿ ಅನ್ನುತ್ತಿಲ್ಲ, ಪರೀಕ್ಷೆ ಆದ ಮೇಲೆ ಡಾಕ್ಟರ್ ಹೇಳಿದಷ್ಟು ಕೊಡಿ. ಇನ್ನೊಂದು ಮುಂಗಾಲಿನ ಮೇಲೂ ಕಣ್ಣಿರಲಿ. ಅಮೆರಿಕದ ರೇಸ್ ಕುದುರೆ ಬಾರ್ಬರೋ 2006ರಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಮುರಿದ ಮೂಳೆ ಕೂಡುತ್ತಿದ್ದಾಗಲೇ ಭಾರ ಹೊತ್ತ ಎಡ ಹಿಂಗಾಲಿನ ಗೊರಸು ಕೆಟ್ಟಿತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಯಾವ ಔಷಧಿ ಎಷ್ಟು, ಯಾವಾಗ ಕೊಟ್ಟಿರಿ ಅಂತ ಮುಚ್ಚುಮರೆಯಿಲ್ಲದೆ ಹೇಳಿ, ಅದನ್ನು ನಿಲ್ಲಿಸಿ ಎಷ್ಟು ದಿನದ ಮೇಲೆ ನೋಡಬಹುದು ಕೇಳಿ. ಲಾಳ ಕಟ್ಟುವವರನ್ನೂ ಅದೇ ಹೊತ್ತಿಗೆ ಕರೆಸಿ, ಇಬ್ಬರೂ ಒಟ್ಟಿಗೆ ಕಾಲು ನೋಡಲಿ. ಕೊನೆಯ ಸಲ ಲಾಳ ಕಟ್ಟಿಸಿದ್ದು ಯಾವಾಗ ಅನ್ನುವುದು ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಅದನ್ನು ಕೆಳಗೆ ಬರೆಯಿರಿ.